ಎಣ್ಣೆ ಉರಿಯುವುದಿಲ್ಲ

ಒಂದೇ ಡಬ್ಬಿಯ ಸೀಮೆಎಣ್ಣೆ. ಅರ್ಧವನ್ನು ಬುಡ್ಡಿದೀಪಕ್ಕೆ ಹಾಕಿದರೆ ಹಳದಿ ಜ್ವಾಲೆ ಬರುತ್ತದೆ, ಮೇಲೆ ಹಿಡಿದ ತಟ್ಟೆಗೆ ಮಸಿ ಕಟ್ಟುತ್ತದೆ. ಉಳಿದರ್ಧವನ್ನು ಪಂಪ್ ಸ್ಟೌಗೆ ತುಂಬಿ ಗಾಳಿ ಹೊಡೆದು ಹೊತ್ತಿಸಿದರೆ ನೀಲಿ ಜ್ವಾಲೆ, ಭರ್ರೆಂಬ ಸದ್ದು. ಪಾತ್ರೆಯ ತಳದಲ್ಲಿ ಮಸಿಯೇ ಇಲ್ಲ. ಎಣ್ಣೆ ಅದೇ, ಗಾಳಿಯೂ ಅದೇ. ಬಣ್ಣ ಯಾಕೆ ಬದಲಾಯಿತು? ಮಸಿ ಎಲ್ಲಿ ಹೋಯಿತು?

ಕೊಡಗಿನ ಮಳೆಗಾಲ ಕಂಡವರಿಗೆ ಈ ಎರಡು ಜ್ವಾಲೆಗಳೂ ಗೊತ್ತು. ಆಷಾಢದ ಗಾಳಿಗೆ ತೋಟದ ಮರ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಬರಲು ದಿನಗಳೇ ಹಿಡಿಯುತ್ತಿದ್ದವು. ಸೌದೆ ಹಸಿ. ಆಗ ಅಡುಗೆಗೆ ಪಂಪ್ ಸ್ಟೌ, ಬೆಳಕಿಗೆ ಲಾಟೀನು, ನೆಂಟರು ಬಂದರೆ ಗ್ಯಾಸ್‌ಲೈಟು ಎಂದೇ ಎಲ್ಲರೂ ಕರೆಯುತ್ತಿದ್ದ ಪೆಟ್ರೋಮ್ಯಾಕ್ಸ್. ಸ್ನಾನದ ನೀರಿಗೆ ಇಲ್ಲಿನ ಮನೆಗಳು ಸೌದೆಯ ಹಂಡೆಯೊಲೆಯನ್ನೇ ನಂಬಿದ್ದವು. ಎಣ್ಣೆಯಲ್ಲಿ ಉರಿಯುವ ಬಾಯ್ಲರ್ ಮನೆಯೊಳಗೆ ಅಪರೂಪ. ಅಂಥ ಬಾಯ್ಲರ್ ಸಿಗುವುದು ದೊಡ್ಡ ಹೋಟೆಲು, ರೆಸಾರ್ಟು, ಆಸ್ಪತ್ರೆಗಳಲ್ಲಿ. ಅಮೆರಿಕದ ಈಶಾನ್ಯ ಮೂಲೆಯ ಮೇನ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮಾತ್ರ ಅದನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲೇ ಕಾಣುತ್ತವೆ. ಅಲ್ಲಿ ಚಳಿಗಾಲದಲ್ಲಿ ಇಡೀ ಮನೆಯನ್ನು ಎಣ್ಣೆ ಸುಟ್ಟು ಬೆಚ್ಚಗಿಡುವ ವಾಡಿಕೆ ಇನ್ನೂ ಇದೆ.

ಅಟ್ಟ ಸೇರಿದ ಹಿತ್ತಾಳೆ ಸ್ಟೌಗೂ ನೆಲಮಾಳಿಗೆಯ ಬಾಯ್ಲರ್‌ಗೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ಒಂದಕ್ಕೆ ಕರೆಂಟೇ ಬೇಡ, ಇನ್ನೊಂದು ಕರೆಂಟಿಲ್ಲದೆ ಮಿಸುಕುವುದಿಲ್ಲ. ಆದರೆ ಎರಡೂ ಬಿಡಿಸುವ ಒಗಟು ಒಂದೇ. ಅದನ್ನು ಅರಿತರೆ ಎರಡರ ಕಾಯಿಲೆಯನ್ನೂ ಜ್ವಾಲೆ ನೋಡಿಯೇ ಗುರುತಿಸಬಹುದು.

ಜ್ವಾಲೆಯ ನಡುವಿನ ಕಪ್ಪು

ಮೇಣದಬತ್ತಿಯ ಜ್ವಾಲೆಯನ್ನು ಹತ್ತಿರದಿಂದ ನೋಡಿ. ಬತ್ತಿಯ ಸುತ್ತ ಒಂದು ಕಪ್ಪು ಜಾಗವಿದೆ, ಅಲ್ಲಿ ಬೆಳಕಿಲ್ಲ. ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ 1860–61ರ ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗಾಗಿ ಉಪನ್ಯಾಸ ಮಾಡಿದ ಮೈಕೆಲ್ ಫ್ಯಾರಡೆ ಆ ಕಪ್ಪು ಜಾಗಕ್ಕೆ ಗಾಜಿನ ಕೊಳವೆಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯಿಂದ ಆವಿ ಹೊರಬಂತು. ಅದಕ್ಕೆ ಬೆಂಕಿ ತೋರಿಸಿದಾಗ ಜ್ವಾಲೆಯಿಂದ ದೂರದಲ್ಲಿ ಇನ್ನೊಂದು ಜ್ವಾಲೆ ಹೊತ್ತಿಕೊಂಡಿತು.

ಬತ್ತಿಯ ಹತ್ತಿರ ಇದ್ದದ್ದು ಉರಿಯುವ ಮೇಣವಲ್ಲ, ಇನ್ನೂ ಉರಿಯದ ಮೇಣದ ಆವಿ ಎಂಬುದು ಹೀಗೆ ಎಲ್ಲರ ಕಣ್ಣಿಗೆ ಬಿತ್ತು. ಸೀಮೆಎಣ್ಣೆಯ ಕಥೆಯೂ ಇದೇ, ಡೀಸೆಲ್‌ನದೂ ಇದೇ. ದ್ರವವಾಗಿರುವ ಎಣ್ಣೆ ಉರಿಯುವುದಿಲ್ಲ. ಅದು ಮೊದಲು ಆವಿಯಾಗಬೇಕು, ಆವಿ ಗಾಳಿಯ ಜೊತೆ ಬೆರೆಯಬೇಕು, ಆ ಬೆರಕೆಗೆ ಕಿಡಿ ತಾಗಬೇಕು.

ಎಣ್ಣೆಯ ಮೇಲ್ಮೈಯಿಂದ ಕಿಡಿಗೆ ಹತ್ತುವಷ್ಟು ಆವಿ ಏಳಲು ಬೇಕಾದ ಕನಿಷ್ಠ ಬಿಸಿಗೆ ‘ಹತ್ತುಬಿಸಿ’ ಎನ್ನೋಣ. ತಂತ್ರಜ್ಞರು ಇದನ್ನೇ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಸೀಮೆಎಣ್ಣೆಗೆ ಅದು ಸುಮಾರು 40 ಡಿಗ್ರಿ ಸೆಲ್ಸಿಯಸ್. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಮಡಿಕೇರಿಯ ಜುಲೈ ತಿಂಗಳ ಚಳಿಯಲ್ಲಿ ಸೀಮೆಎಣ್ಣೆ ತಣ್ಣಗೆ ಕೂತಿರುತ್ತದೆ. ಪೆಟ್ರೋಲ್ ಮಾತ್ರ ಯಾವ ಹವೆಯಲ್ಲೂ ಸಿಡಿಯಲು ಸಿದ್ಧವಾಗಿಯೇ ಇರುತ್ತದೆ. ಸ್ಟೌಗೆ ತಪ್ಪಿ ಪೆಟ್ರೋಲ್ ಬಿದ್ದರೆ, ಅಥವಾ ಸೀಮೆಎಣ್ಣೆಗೆ ಅದು ಸ್ವಲ್ಪ ಬೆರೆತಿದ್ದರೂ, ಸ್ಟೌ ಬಾಂಬಾಗುವುದು ಇದಕ್ಕೇ.

ಹಳದಿಗೂ ನೀಲಿಗೂ ನಡುವೆ

ಬುಡ್ಡಿದೀಪದಲ್ಲಿ ಆವಿ ಮೊದಲು ಬಿಸಿಯಾಗುತ್ತದೆ, ಗಾಳಿ ಆಮೇಲೆ ಹೊರಗಿನಿಂದ ನಿಧಾನಕ್ಕೆ ಸೇರುತ್ತದೆ. ಗಾಳಿ ಸಿಗದೆ ಬಿಸಿಯಾದ ಆವಿ ಒಡೆದುಹೋಗಿ ಇಂಗಾಲದ ಸೂಕ್ಷ್ಮ ಕಣಗಳಾಗುತ್ತದೆ. ಆ ಕಣಗಳು ಕಾದು ಹೊಳೆಯುವುದೇ ಹಳದಿ ಬೆಳಕು. ಜ್ವಾಲೆಯ ಅಂಚಿನಲ್ಲಿ ಅವು ಪೂರ್ತಿ ಉರಿದರೆ ಸರಿ, ಉರಿಯದೆ ತಪ್ಪಿಸಿಕೊಂಡವು ಮಸಿ.

ಪಂಪ್ ಸ್ಟೌನಲ್ಲಿ ಆವಿಯೂ ಗಾಳಿಯೂ ಮೊದಲೇ ಬೆರೆತು ಆಮೇಲೆ ಉರಿಯುತ್ತವೆ. ಇಂಗಾಲ ಕಣವಾಗುವ ಮೊದಲೇ ಅದಕ್ಕೆ ಆಮ್ಲಜನಕ ಸಿಕ್ಕಿರುತ್ತದೆ. ಹೊಳೆಯಲು ಕಣಗಳೇ ಇಲ್ಲ, ಹಾಗಾಗಿ ಉಳಿದದ್ದು ಉರಿಯುವ ಅನಿಲದ ಸ್ವಂತ ನೀಲಿ.

ಹಳದಿ ಜ್ವಾಲೆಯೆಂದರೆ ಬೆರಕೆ ಸರಿಯಿಲ್ಲ ಎಂಬ ಸುದ್ದಿ. ದೀಪಕ್ಕೆ ಅದು ಬೇಕು, ಬೆಳಕು ಬರುವುದೇ ಅದರಿಂದ. ಒಲೆಗೆ ಮಾತ್ರ ಅದು ರೋಗಲಕ್ಷಣ.

ತಾನೇ ಎಣ್ಣೆ ಕಾಯಿಸಿಕೊಳ್ಳುವ ಒಲೆ

ಬತ್ತಿಯಿಲ್ಲದೆ, ಮಸಿಯಿಲ್ಲದೆ ಸೀಮೆಎಣ್ಣೆ ಉರಿಸುವ ಸ್ಟೌ ಅನ್ನು 1892ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್. ಪ್ರೈಮಸ್ ಎಂಬ ಹೆಸರಿನಲ್ಲಿ ಅದು ಜಗತ್ತನ್ನೆಲ್ಲ ಸುತ್ತಿ ನಮ್ಮ ಅಡುಗೆಮನೆಗಳಿಗೂ ಬಂತು.

ಅದರ ಜಾಣತನ ಇರುವುದು ಬರ್ನರ್‌ನಲ್ಲಿ. ಪಂಪಿನಿಂದ ಗಾಳಿ ಹೊಡೆದಾಗ ಹಿತ್ತಾಳೆ ತೊಟ್ಟಿಯೊಳಗಿನ ಒತ್ತಡ ಎಣ್ಣೆಯನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಕೊಳವೆ ಬರ್ನರ್‌ನ ಬಿಸಿ ತಲೆಯೊಳಗೆ ಬಳಸಿಕೊಂಡು ಸಾಗುತ್ತದೆ. ಸೀಮೆಎಣ್ಣೆ ಕುದಿಯುವುದು ಸುಮಾರು 150ರಿಂದ 300 ಡಿಗ್ರಿಯ ನಡುವೆ. ಆ ಬಳಸುದಾರಿ ಮುಗಿಯುವಷ್ಟರಲ್ಲಿ ಅದು ಪೂರ್ತಿ ಆವಿ. ಆವಿ ನಿಪ್ಪಲ್ ಎಂಬ ಸಣ್ಣ ಮೂತಿಯ ತೂತಿನಿಂದ ರಭಸವಾಗಿ ನುಗ್ಗುತ್ತದೆ. ತೂತಿನ ಅಗಲ ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ನುಗ್ಗುವ ಆವಿ ಅಕ್ಕಪಕ್ಕದ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಮೇಲಿನ ತಟ್ಟೆಗೆ ಬಡಿದು ಹರಡಿ ಉರಿಯುತ್ತದೆ. ಭರ್ರೆಂಬ ಸದ್ದು ಆ ಕಲಕಾಟದ್ದು.

ಉರಿಯುವ ಜ್ವಾಲೆಯೇ ಮುಂದಿನ ಎಣ್ಣೆಯನ್ನು ಕಾಯಿಸುತ್ತದೆ. ಮೊದಲ ಬಿಸಿಯನ್ನು ಮಾತ್ರ ನಾವು ಕೊಡಬೇಕು. ಬರ್ನರ್‌ನ ಕೆಳಗಿನ ಬಟ್ಟಲಲ್ಲಿ ಸ್ಪಿರಿಟ್ ಉರಿಸುವುದು ಅದಕ್ಕೆ.

ಕಣದ ಕಾಫಿ, ಬಾಯ್ಲರ್‌ನ ಹನಿ

ಬಾಯ್ಲರ್‌ಗೆ ಬೇಕಾದ ಶಾಖ ದೊಡ್ಡದು. ಅಷ್ಟು ಎಣ್ಣೆಯನ್ನು ಕೊಳವೆಯಲ್ಲಿ ಕಾಯಿಸಿ ಆವಿ ಮಾಡುವ ಬದಲು ಅದು ಇನ್ನೊಂದು ದಾರಿ ಹಿಡಿಯುತ್ತದೆ: ಎಣ್ಣೆಯನ್ನು ಒಡೆಯುತ್ತದೆ.

ಕೊಡಗಿನ ಕಾಫಿ ಕಣವನ್ನು ನೆನೆಯಿರಿ. ಕೊಯ್ದ ಹಣ್ಣನ್ನು ಗುಡ್ಡೆ ಹಾಕಿಬಿಟ್ಟರೆ ಮೇಲಿನದು ಒಣಗಿ ಒಳಗಿನದು ಬೂಸಲು ಹಿಡಿಯುತ್ತದೆ. ಅಷ್ಟೇ ಹಣ್ಣನ್ನು ಕಣದ ತುಂಬ ತೆಳ್ಳಗೆ ಹರಡಿ ಆಗಾಗ ಕೆದಕಿದರೆ ಅದೇ ಬಿಸಿಲಿಗೆ ಬೇಗ ಒಣಗುತ್ತದೆ. ತೇವ ಹೊರಟುಹೋಗುವುದು ಮೈಯಿಂದ. ಮೈ ಹೆಚ್ಚಿದಷ್ಟೂ ಬೇಗ.

ಎಣ್ಣೆಗೂ ಹಾಗೆಯೇ. ಒಂದು ಮಿಲಿಲೀಟರ್ ಎಣ್ಣೆ ಒಂದೇ ಹನಿಯಾಗಿದ್ದರೆ ಅದರ ಮೈ ಐದು ಚದರ ಸೆಂಟಿಮೀಟರಿಗೂ ಕಡಿಮೆ. ಅದನ್ನೇ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಗಲದ ಹನಿಗಳಾಗಿ ಒಡೆದರೆ ಸುಮಾರು ಒಂದೂವರೆ ಕೋಟಿ ಹನಿಗಳಾಗುತ್ತವೆ, ಒಟ್ಟು ಮೈ 1,200 ಚದರ ಸೆಂಟಿಮೀಟರಿಗೆ ಏರುತ್ತದೆ. ಮೈ 250 ಪಟ್ಟು ಹೆಚ್ಚಾದಾಗ ಬಿಸಿ ಹಿಡಿಯುವುದೂ ಆವಿಯಾಗುವುದೂ ಕ್ಷಣಾರ್ಧದ ಕೆಲಸ.

ಒಡೆಯುವ ಭಾಗಕ್ಕೆ ‘ತುಂತುರುಮೂತಿ’ ಎನ್ನೋಣ, ಮೆಕ್ಯಾನಿಕ್‌ಗಳು ನಾಝಲ್ ಎನ್ನುತ್ತಾರೆ. ಪಂಪು ಎಣ್ಣೆಯನ್ನು ಚದರ ಇಂಚಿಗೆ 100 ಪೌಂಡ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಮೂತಿಗೆ ನೂಕುತ್ತದೆ. ಮೂತಿಯೊಳಗಿನ ಓರೆ ಗೀರುಗಳಲ್ಲಿ ಸುತ್ತಿ ಬಂದ ಎಣ್ಣೆ ಹೊರಗೆ ಸಿಡಿದು ಶಂಕುವಿನಾಕಾರದ ಮಂಜಾಗುತ್ತದೆ. ಬೀಸಣಿಗೆ ಅದಕ್ಕೆ ಗಾಳಿ ಊದುತ್ತದೆ. ಎರಡು ಕಡ್ಡಿಗಳ ತುದಿಯ ನಡುವೆ ಸುಮಾರು 10,000 ವೋಲ್ಟಿನ ಕಿಡಿ ಹಾರಿ ಬೆಂಕಿ ಹೊತ್ತಿಸುತ್ತದೆ. ಬೆಂಕಿ ಹೊತ್ತಿತೇ ಎಂದು ನೋಡಲು ಬೆಳಕಿಗೆ ಸ್ಪಂದಿಸುವ ಒಂದು ‘ಕಾವಲುಕಣ್ಣು’ ಇದೆ. ಕೆಲವು ಸೆಕೆಂಡುಗಳೊಳಗೆ ಅದಕ್ಕೆ ಬೆಳಕು ಕಾಣದಿದ್ದರೆ ಎಣ್ಣೆ ನಿಲ್ಲುತ್ತದೆ, ಯಂತ್ರ ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ.

ಐದು ಮೆಟ್ಟಿಲು

ಈಗ ಎರಡು ಯಂತ್ರಗಳನ್ನೂ ಪಕ್ಕಪಕ್ಕ ಇಟ್ಟರೆ ಎರಡರಲ್ಲೂ ಐದೇ ಕೆಲಸ. ಎಣ್ಣೆ ಬರಬೇಕು. ಆವಿಯಾಗಬೇಕು. ಗಾಳಿ ಬೆರೆಯಬೇಕು. ಹೊತ್ತಬೇಕು. ಹೊಗೆ ಹೊರಗೆ ಹೋಗಬೇಕು. ಬರ್ನರ್ ಕೆಟ್ಟಿದೆ ಎಂದರೆ ಈ ಐದರಲ್ಲಿ ಒಂದು ಮೆಟ್ಟಿಲು ಮುರಿದಿದೆ ಎಂದೇ ಅರ್ಥ. ರಿಪೇರಿಯ ವಿದ್ಯೆಯೆಲ್ಲ ಅದು ಯಾವ ಮೆಟ್ಟಿಲೆಂದು ಪತ್ತೆ ಹಚ್ಚುವುದರಲ್ಲಿದೆ. ಪತ್ತೆಯಾಗುವ ಮೊದಲೇ ಸ್ಪ್ಯಾನರ್ ಹಿಡಿದರೆ ಸರಿಯಿದ್ದ ನಾಲ್ಕನ್ನೂ ಕೆಡಿಸಿಕೊಳ್ಳುತ್ತೇವೆ.

ಸ್ಟೌ ಹೇಳುವ ದೂರುಗಳು

*ಪಂಪು ಹೊಡೆದರೂ ಗಟ್ಟಿಯಾಗುವುದಿಲ್ಲ, ಜ್ವಾಲೆ ಏಳುವುದಿಲ್ಲ.* ಒತ್ತಡವಿಲ್ಲ, ಎಣ್ಣೆ ಬರುತ್ತಿಲ್ಲ: ಮೊದಲ ಮೆಟ್ಟಿಲು. ಪಂಪಿನ ತುದಿಯ ಚರ್ಮದ ವಾಷರ್ ಒಣಗಿ ಸುರುಟಿಕೊಂಡಿರುತ್ತದೆ. ಅದನ್ನು ತೆಗೆದು ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದ ಅಂಚು ಅಗಲಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒತ್ತಿದ ಪಂಪಿನ ಹಿಡಿ ತಾನಾಗಿ ಹಿಂದಕ್ಕೆ ಬಂದರೆ ತಪ್ಪು ವಾಷರ್‌ದಲ್ಲ. ಪಂಪಿನ ತಳದ ವಾಲ್ವ್ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ.

*ಎಣ್ಣೆ ಚಿಲ್ಲನೆ ಹಾರಿ ಹಳದಿ ಬೆಂಕಿ ಎತ್ತರಕ್ಕೆ ಏಳುತ್ತದೆ.* ಬರ್ನರ್ ಕಾಯುವ ಮೊದಲೇ ಗಾಳಿ ಹೊಡೆದಿದ್ದಾರೆ, ಆವಿಯ ಬದಲು ದ್ರವವೇ ಹೊರಬಂದಿದೆ: ಎರಡನೇ ಮೆಟ್ಟಿಲು. ಆ ಕ್ಷಣಕ್ಕೆ ತೊಟ್ಟಿಯ ಗಾಳಿ ಬಿಡುವ ಕೀ ಸಡಿಲಿಸಿ ಒತ್ತಡ ಇಳಿಸಬೇಕು. ನೀರು ಹಾಕಬಾರದು, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಪೂರ್ತಿ ಆರಿ ತಣ್ಣಗಾದ ಮೇಲೆ ಮೊದಲಿನಿಂದ ಶುರು.

*ಜ್ವಾಲೆ ಒಂದು ಕಡೆಗೆ ವಾಲುತ್ತದೆ, ಸೊರಗುತ್ತದೆ.* ನಿಪ್ಪಲ್‌ನಲ್ಲಿ ಕರಿ ಕಟ್ಟಿದೆ. ತಗಡಿನ ಹಿಡಿಗೆ ನವಿರಾದ ತಂತಿ ಸಿಕ್ಕಿಸಿದ ಸ್ಟೌ ಪಿನ್ ಪ್ರತಿ ಅಂಗಡಿಯಲ್ಲೂ ಸಿಗುತ್ತಿದ್ದದ್ದು ಇದಕ್ಕೆ. ಇಲ್ಲಿ ಎಚ್ಚರ ಬೇಕು. ದಪ್ಪ ಸೂಜಿ ತುರುಕಿ ತೂತು ಐದನೇ ಒಂದು ಪಾಲು ಅಗಲವಾದರೂ ಸಾಕು, ಹೊರಬರುವ ಎಣ್ಣೆ ಸುಮಾರು 44 ಪ್ರತಿಶತ ಹೆಚ್ಚುತ್ತದೆ. ಅಗಲ ಹೆಚ್ಚಿದರೆ ತೂತಿನ ವಿಸ್ತಾರ ಅದರ ವರ್ಗದಂತೆ ಹೆಚ್ಚುವುದರಿಂದ ಹೀಗೆ. ಎಳೆದುಕೊಳ್ಳುವ ಗಾಳಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನೀಲಿ ಹೋಗಿ ಹಳದಿ ಬರುತ್ತದೆ. ಅಂಥ ನಿಪ್ಪಲ್‌ಗೆ ಮದ್ದಿಲ್ಲ, ಬದಲಿಸಬೇಕು.

*ಜ್ವಾಲೆ ಚಟಪಟ ಸಿಡಿಯುತ್ತದೆ, ಆರಿ ಆರಿ ಹೊತ್ತುತ್ತದೆ.* ಇದು ಕೊಡಗಿನ ಮಳೆಗಾಲದ ವಿಶೇಷ ಕಾಯಿಲೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯಲ್ಲಿ ತಿಂಗಳುಗಟ್ಟಲೆ ಗಾಳಿಯೇ ಒದ್ದೆ. ಅರ್ಧ ಖಾಲಿಯಾದ ಎಣ್ಣೆ ಡಬ್ಬಿಯೊಳಗೆ ಹಗಲು ಆ ಗಾಳಿ ಸೇರುತ್ತದೆ, ರಾತ್ರಿಯ ಚಳಿಗೆ ಅದರ ನೀರು ತಗಡಿನ ಗೋಡೆಗೆ ಇಬ್ಬನಿಯಾಗಿ ಕೂತು ಕೆಳಗಿಳಿಯುತ್ತದೆ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಸ್ಟೌನ ಕೊಳವೆ ಎಣ್ಣೆ ಹೀರುವುದೂ ತಳದಿಂದಲೇ. ಒಂದು ಹನಿ ನೀರು ಬಿಸಿ ಬರ್ನರ್‌ಗೆ ತಲುಪಿ ಉಗಿಯಾದರೆ ತನ್ನ ಗಾತ್ರದ 1,600 ಪಟ್ಟಿಗೂ ಹೆಚ್ಚು ಹಿಗ್ಗಿ ಎಣ್ಣೆಯ ಆವಿಯನ್ನು ದಾರಿಯಿಂದ ನೂಕಿಬಿಡುತ್ತದೆ. ಪರಿಹಾರ ಸರಳ: ಡಬ್ಬಿಯನ್ನು ಅಲುಗಾಡಿಸದೆ ಒಂದು ರಾತ್ರಿ ಇಟ್ಟು, ಮೇಲಿನ ಎಣ್ಣೆಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ತುಂಬಿ, ತಳದ್ದನ್ನು ಬಿಟ್ಟುಬಿಡಿ.

ಬಾಯ್ಲರ್ ಹೇಳುವ ದೂರುಗಳು

ಬಾಯ್ಲರ್ ಹೊತ್ತದೆ ಬೀಗ ಹಾಕಿಕೊಂಡಾಗ ಅದರ ಕೆಂಪು ಗುಂಡಿ ಹೊರಗೆ ಉಬ್ಬುತ್ತದೆ ಅಥವಾ ಅದರಲ್ಲಿ ದೀಪ ಬೆಳಗುತ್ತದೆ. ಒಮ್ಮೆ ಒತ್ತಿ ನೋಡಬಹುದು. ಮತ್ತೆ ಮತ್ತೆ ಒತ್ತಬಾರದು. ಪ್ರತಿ ಒತ್ತಿಗೂ ಉರಿಯದ ಎಣ್ಣೆ ಬೆಂಕಿಗೂಡಿನೊಳಗೆ ಬೀಳುತ್ತದೆ. ಕೊನೆಗೊಮ್ಮೆ ಕಿಡಿ ಹಿಡಿದಾಗ ಅಷ್ಟೂ ಒಟ್ಟಿಗೆ ಹೊತ್ತಿ ಬಾಗಿಲು ಹಾರಬಹುದು. ಒಂದು ಒತ್ತಿನಲ್ಲೇ ಕಿವಿ ಕಣ್ಣು ತೆರೆದಿಟ್ಟರೆ ಬೇಕಾದಷ್ಟು ತಿಳಿಯುತ್ತದೆ.

ಮೋಟಾರು ತಿರುಗಿತೇ? ಇಲ್ಲವಾದರೆ ತೊಂದರೆ ಕರೆಂಟಿನದು. ತಿರುಗಿಯೂ ಎಣ್ಣೆ ಸಿಡಿಯಲಿಲ್ಲವೇ? ತೊಟ್ಟಿ ಖಾಲಿಯಿರಬಹುದು, ಫಿಲ್ಟರ್ ಕಟ್ಟಿರಬಹುದು, ಹೀರುವ ಕೊಳವೆಯ ಸಂದಿನಲ್ಲಿ ಗಾಳಿ ನುಗ್ಗುತ್ತಿರಬಹುದು. ಎಣ್ಣೆ ಬಂದೂ ಹೊತ್ತಲಿಲ್ಲವೇ? ಕಡ್ಡಿಗಳ ನಡುವಿನ ಅಂತರ ಕೆಟ್ಟಿದೆ, ಅಥವಾ ಅವುಗಳ ಪಿಂಗಾಣಿ ಬಿರುಕು ಬಿಟ್ಟು, ಇಲ್ಲವೇ ಮಸಿ ಮತ್ತು ತೇವ ಹಿಡಿದು ಕಿಡಿ ಬೇರೆ ದಾರಿಯಲ್ಲಿ ಸೋರಿಹೋಗುತ್ತಿದೆ. ಚೆನ್ನಾಗಿ ಹೊತ್ತಿ, ಕೆಲವು ಸೆಕೆಂಡಿಗೆ ತಾನೇ ಆರಿತೇ? ಬೆಂಕಿ ಸರಿಯಿದೆ, ಕಾವಲುಕಣ್ಣಿಗೆ ಮಸಿ ಮುಚ್ಚಿ ಕಾಣುತ್ತಿಲ್ಲ. ಒಣಬಟ್ಟೆಯಲ್ಲಿ ಅದನ್ನು ಒರೆಸುವುದೇ ಎಷ್ಟೋ ಸಲ ಇಡೀ ರಿಪೇರಿ. ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಕಣ್ಣಿಗೆ ಮಸಿ ಕಟ್ಟಿತೆಂದರೆ ಒಳಗೆ ಮಸಿ ಹುಟ್ಟುತ್ತಿದೆ, ಅಂದರೆ ಬೆರಕೆ ಕೆಟ್ಟಿದೆ. ತುಂತುರುಮೂತಿ ಸವೆದು ಹನಿ ದಪ್ಪಗಾಗಿರಬಹುದು. ಬೀಸಣಿಗೆಯ ಎಲೆಗಳಿಗೆ ದೂಳು ಮೆತ್ತಿ ಗಾಳಿ ಕಡಿಮೆಯಾಗಿರಬಹುದು. ಹೊಗೆಕೊಳವೆ ಕಟ್ಟಿರಬಹುದು. ತುಂತುರುಮೂತಿಗೆ ಪಿನ್ ಹಾಕುವಂತಿಲ್ಲ. ಒಳಗಿನ ಗೀರು ಒಂದು ಕೆರೆದರೂ ಮಂಜಿನ ಆಕಾರ ಹಾಳು. ಅದೇ ಅಳತೆಯ, ಅದೇ ಕೋನದ ಹೊಸದನ್ನೇ ಹಾಕಬೇಕು.

ಘಟ್ಟದ ಮೇಲಿನ ಗಾಳಿ

ಮಂಗಳೂರಿನಲ್ಲಿ ಹೊಗೆಯಿಲ್ಲದೆ ಉರಿಯುವಂತೆ ಸರಿಮಾಡಿದ ಡೀಸೆಲ್ ಬರ್ನರನ್ನು ಹಾಗೆಯೇ ಮಡಿಕೇರಿಗೆ ತಂದು ಕೂರಿಸಿದರೆ ಅದು ಹೊಗೆ ಕಾರಬಹುದು. ಯಾವ ಭಾಗವೂ ಕೆಟ್ಟಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 13 ಪ್ರತಿಶತ ಕಡಿಮೆ. ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದೂ ಅದಕ್ಕೇ. ಬೀಸಣಿಗೆ ಪ್ರತಿ ಸುತ್ತಿಗೂ ತಳ್ಳುವ ಗಾಳಿಯ ಗಾತ್ರ ಅಷ್ಟೇ, ಅದರೊಳಗಿನ ಆಮ್ಲಜನಕ ಮಾತ್ರ ಕಡಿಮೆ. ಎಣ್ಣೆಯ ಪಂಪಿಗೆ ಎತ್ತರದ ಲೆಕ್ಕವಿಲ್ಲ, ಅದು ಮೊದಲಿನಷ್ಟೇ ಎಣ್ಣೆ ಸುರಿಯುತ್ತದೆ. ಗಾಳಿಯ ಬಾಗಿಲನ್ನು ಇನ್ನಷ್ಟು ತೆರೆಯಬೇಕು, ಇಲ್ಲವೇ ಸಣ್ಣ ಅಳತೆಯ ಮೂತಿ ಹಾಕಬೇಕು.

ಡಿಸೆಂಬರಿನ ರಾತ್ರಿಗಳು ಇನ್ನೊಂದು ತೊಡಕು ತರುತ್ತವೆ. ತಣ್ಣಗಾದ ಡೀಸೆಲ್ ಮಂದವಾಗುತ್ತದೆ, ಮಂದ ಎಣ್ಣೆ ದಪ್ಪ ಹನಿಗಳಾಗಿ ಒಡೆಯುತ್ತದೆ. ಬೆಳಿಗ್ಗೆ ಹೊಗೆಯುಗುಳಿ ಮಧ್ಯಾಹ್ನ ಸರಿಹೋಗುವ ಬರ್ನರ್ ಇದ್ದರೆ ಎಣ್ಣೆಯ ತೊಟ್ಟಿಯನ್ನು ಚಳಿಯಿಂದ ಮರೆಮಾಡುವುದೇ ಚಿಕಿತ್ಸೆ.

ಹತ್ತು ಸಾವಿರ ಲೀಟರ್

ಒಂದು ಲೀಟರ್ ಸೀಮೆಎಣ್ಣೆ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು? ಸುಮಾರು 10,000 ಲೀಟರ್. ನಾವು ದುಡ್ಡು ಕೊಡುವುದು ಎಣ್ಣೆಗೆ ಮಾತ್ರ, ಹಾಗಾಗಿ ಇಂಧನವೆಂದರೆ ಅದೊಂದೇ ಎಂದುಕೊಂಡಿದ್ದೇವೆ. ಕೊಡಗಿನಲ್ಲಿ ಮಳೆಯ ಇರಿಚಲು ತಡೆಯಲು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಹಾಕಿಕೊಳ್ಳುವ ತಿಂಗಳುಗಳಲ್ಲಿ ಈ ಮರೆವು ಪ್ರಾಣಕ್ಕೆ ಎರವಾಗುತ್ತದೆ. ಮುಚ್ಚಿದ ಕೋಣೆಯ ಗಾಳಿ ಸವೆಯುತ್ತಿದ್ದಂತೆ ಇಂಗಾಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಮಂಪರು. ಮಂಪರು ಬಂದವರಿಗೆ ಎದ್ದು ಕಿಟಕಿ ತೆರೆಯುವ ಶಕ್ತಿ ಉಳಿದಿರುವುದಿಲ್ಲ. ಸೀಮೆಎಣ್ಣೆ ಸ್ಟೌ, ಗ್ಯಾಸ್ ಗೀಸರ್, ಕೆಂಡದ ಅಗ್ಗಿಷ್ಟಿಕೆ, ಡೀಸೆಲ್ ಬಾಯ್ಲರ್: ಈ ಮಾತು ಎಲ್ಲಕ್ಕೂ ಒಂದೇ.

ವಾಷರ್ ನೆನೆಸುವುದು, ಪಿನ್ ಹಾಕುವುದು, ಎಣ್ಣೆ ಸೋಸುವುದು, ಬಾಯ್ಲರ್‌ನ ಕರೆಂಟು ತೆಗೆದು ಕಣ್ಣು ಒರೆಸುವುದು, ಫಿಲ್ಟರ್ ನೋಡುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸಗಳು. ಕಿಡಿಯ ಟ್ರಾನ್ಸ್‌ಫಾರ್ಮರ್, ಪಂಪಿನ ಒತ್ತಡ, ಗಾಳಿಯ ಹೊಂದಾಣಿಕೆಗಳನ್ನು ಅಳತೆಯ ಉಪಕರಣ ಇರುವ ಮೆಕ್ಯಾನಿಕ್‌ಗೇ ಬಿಡಬೇಕು. ಅವರು ಬಂದಾಗ ‘ಬಾಯ್ಲರ್ ಕೆಟ್ಟಿದೆ’ ಎಂದಷ್ಟೇ ಹೇಳಬೇಡಿ. ಎಣ್ಣೆ ಬಂತೇ, ಕಿಡಿ ಹಾರಿತೇ, ಜ್ವಾಲೆಯ ಬಣ್ಣ ಏನಿತ್ತು, ಎಷ್ಟು ಹೊತ್ತು ಉರಿಯಿತು, ಹೊಗೆ ಎತ್ತ ಹೋಯಿತು ಎಂದು ಹೇಳಿ. ಈ ಐದು ಮಾತು ಕೇಳಿದ ಮೆಕ್ಯಾನಿಕ್ ಪೆಟ್ಟಿಗೆ ತೆರೆಯುವ ಮೊದಲೇ ಯಾವ ಮೆಟ್ಟಿಲಿಗೆ ಹೋಗಬೇಕೆಂದು ತಿಳಿದಿರುತ್ತಾರೆ.